ಗುಡುಗಪ್ಪನ ಪಾಪನಿವೇದನೆ

ಕಮ್ಮಾರನಿಗೆ ಕಿವಿ ಕೇಳುವುದಿಲ್ಲ. ಸುತ್ತಿಗೆಯ ಸದ್ದಿನಲ್ಲೇ ಆಯುಷ್ಯ ಕಳೆದವನ ಕಿವಿ ಅಷ್ಟು ಕಾಲ ಬಾಳಿಕೆ ಬಂದದ್ದೇ ಹೆಚ್ಚು. ತಾನು ಎಷ್ಟು ಜೋರಾಗಿ ಮಾತಾಡುತ್ತೇನೆಂದೂ ಅವನಿಗೆ ತಿಳಿಯದು. ಅದಕ್ಕೇ ಬೀದಿಯವರು ಅವನನ್ನು ಗುಡುಗಪ್ಪ ಅನ್ನುತ್ತಾರೆ. ಅವನಿಗೆ ಕೇಳಿಸದ ಹಾಗೆ ಅನ್ನಲು ಯಾರೂ ಕಷ್ಟಪಡಬೇಕಾಗಿಲ್ಲ.

ಅಂಥವನು ಶನಿವಾರ ಸಂಜೆ ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ ಮೊಣಕಾಲೂರಿ, ತನ್ನ ಪ್ರಕಾರ ಪಿಸುಗುಟ್ಟಿದ:

“ಫಾದರ್, ಆ ಮದುವೆ ಗೌನಿಗೆ ಮಸಿ ಬಿದ್ದದ್ದು ಅವಳ ಇಸ್ತ್ರಿಪೆಟ್ಟಿಗೆಯಿಂದ ಅಲ್ಲ. ನನ್ನ ಕುಲುಮೆಯಿಂದ! ಗಾಳಿ ಇತ್ತು, ನೋಡದೆ ಬೂದಿ ಚೆಲ್ಲಿದೆ. ಬಿದ್ದದ್ದನ್ನ ಕಣ್ಣಾರೆ ಕಂಡೆ. ಬಾಯಿ ಮುಚ್ಕೊಂಡೆ!”

ಹೊರಗೆ ಸಾಲಿನಲ್ಲಿ ಜಪಮಾಲೆ ಎಣಿಸುತ್ತಿದ್ದ ಬೆರಳುಗಳೆಲ್ಲ ನಿಂತವು. ಎಲ್ಲರ ಕಣ್ಣೂ ಸಾಲಿನ ಮೊದಲಲ್ಲಿ ಮುಂದಿನ ಸರದಿಗೆ ಕಾಯುತ್ತಿದ್ದ ಇಸ್ತ್ರಿಯಕ್ಕನ ಬೆನ್ನ ಮೇಲೆ ನೆಟ್ಟವು.

ಇಸ್ತ್ರಿಯಕ್ಕ ಅವನ ತಮ್ಮನ ಹೆಂಡತಿ. ಎರಡೂ ಮನೆಗೆ ಒಂದೇ ಅಂಗಳ. ಒಂದು ಬದಿಗೆ ಅವನ ಕುಲುಮೆ, ಇನ್ನೊಂದು ಬದಿಗೆ ಅವಳ ಲಾಂಡ್ರಿ. ಬಲಿಪೀಠದ ಬಿಳಿ ಬಟ್ಟೆಗಳನ್ನು ಒಗೆದು ಕೊಡುತ್ತಿದ್ದವಳು ಅವಳೇ. ಅಂಚು ಹಿಡಿದು ಎತ್ತಿದರೆ ಹೊಸ ಕಾಗದದ ಹಾಗೆ ನಿಲ್ಲಬೇಕು, ಇಲ್ಲದಿದ್ದರೆ ಅದು ಮತ್ತೆ ನೀರಿಗೆ. ಹೋದ ವರ್ಷ ಒಬ್ಬ ಮದುಮಗಳ ಗೌನು ಇಸ್ತ್ರಿಯಾಗಿ ಅವಳ ಹಗ್ಗದ ಮೇಲೆ ತೂಗುತ್ತಿದ್ದಾಗ ಮಸಿಯಾಯಿತು. ಇಸ್ತ್ರಿಪೆಟ್ಟಿಗೆಯ ಕೆಂಡದ ಮಸಿ ಉದುರಿದೆ, ಇವಳ ಕೈ ಹಿಡಿತ ತಪ್ಪಿದೆ ಎಂದು ಮದುಮಗಳ ತಾಯಿ ಬೀದಿಗೆಲ್ಲ ಸಾರಿದಳು. ಚರ್ಚಿನ ಬಟ್ಟೆ ಬೇರೆಯವರ ಪಾಲಾಯಿತು. ಕೆಲಸ ಹೋದದ್ದಕ್ಕಿಂತ ಅವಳನ್ನು ಹೆಚ್ಚು ತಿಂದದ್ದು ಇನ್ನೊಂದು: ಅವಳಿಗೇ ತನ್ನ ಕೈಯ ಮೇಲೆ ಅನುಮಾನ ಹುಟ್ಟಿತ್ತು. ಒಂದು ಕರವಸ್ತ್ರ ಮಡಿಸಿದರೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಗೂಡಿನೊಳಗೆ ಫಾದರ್ ಜಾಲರಿಗೆ ಒತ್ತಿದ ಅವನ ಕಿವಿಗೇ ಬಾಯಿ ಹಚ್ಚಿ ಏನೋ ಹೇಳಿದರು. ಅದು ಹೊರಗೆ ಕೇಳಿಸಲಿಲ್ಲ. ಉತ್ತರ ಕೇಳಿಸಿತು.

“ದೇವರೇ ಕ್ಷಮಿಸಿದ ಮೇಲೆ ಅವಳಿಗ್ಯಾಕೆ ಹೇಳ್ಬೇಕು ಫಾದರ್?”

ಮತ್ತೆ ಕಿವಿಮಾತು.

“ಅವಳ ಒಳ್ಳೇ ಹೆಸರು ವಾಪಸ್ ಕೊಡೋದಾ? ಆ ಸಂಘದ ಹೆಂಗಸರ ಮುಂದೆ? ಅಯ್ಯೋ, ಅದರ ಬದಲು ಉಪವಾಸ ಹೇಳಿ ಫಾದರ್!”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಡುಗಪ್ಪ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಹಿಂದಿನ ಬೆಂಚಿಗೆ ಹೋಗಿ ಪ್ರಾರ್ಥನೆಗೆ ಕೂತ.

“ಕೇಳಿಸ್ತೇನೇ? ಈಗಲೇ ಹೋಗಿ ಆ ಬಾಯಿಬಡುಕಿ ಮನೆ ಮುಂದೆ ನಿಂತು ಹೇಳು,” ಎಂದಳು ಇಸ್ತ್ರಿಯಕ್ಕನ ಹಿಂದೆ ನಿಂತಿದ್ದ ಹಾಲಿನವಳು.

“ಯಾರೂ ಏನೂ ಹೇಳೋ ಹಾಗಿಲ್ಲ,” ಎಂದರು ಮಕ್ಕಳಿಗೆ ಧರ್ಮೋಪದೇಶ ಕಲಿಸುವ ವಯಸ್ಸಾದ ಸಿಸ್ಟರ್. “ಇಲ್ಲಿ ಕಿವಿಗೆ ಬಿದ್ದದ್ದು ಫಾದರ್‌ಗೆ ಎಷ್ಟು ಗುಟ್ಟೋ ನಮಗೂ ಅಷ್ಟೇ ಗುಟ್ಟು. ನಾವು ಕೇಳಿಸ್ಕೊಂಡದ್ದು ಆ ಮನುಷ್ಯನಿಗೂ ಗೊತ್ತಾಗಬಾರದು.”

“ಇವಳ ಹೆಸರು ಹಾಳಾದ್ರೂನಾ ಸಿಸ್ಟರ್?”

“ಹಾಳಾದ್ರೂ.”

ಇಸ್ತ್ರಿಯಕ್ಕ ಗೂಡಿಗೆ ಹೋಗಿ ಮೊಣಕಾಲೂರಿದಳು.

“ಫಾದರ್, ಕೋಪ ಬಂದಿದೆ. ಹಳೇದಲ್ಲ, ಈಗ ತಾನೇ ಬಂದದ್ದು. ಇನ್ನೂ ಬಿಸಿ ಇದೆ.”

“ಯಾರ ಮೇಲೆ ಅಂತ ಹೇಳ್ಬೇಡಮ್ಮ.”

“ನಿಮಗೇ ಗೊತ್ತಲ್ಲ!”

“ನನಗೇನೂ ಗೊತ್ತಿಲ್ಲ. ನಿನ್ನದು ಹೇಳು.”

“ಕ್ಷಮಿಸೋಕೆ ಆಗ್ತಿಲ್ಲ.”

“ಇವತ್ತೇ ಆಗ್ಬೇಕು ಅಂತ ಯಾರಂದ್ರು? ಬಾಗಿಲಿಗೆ ಅಗಳಿ ಹಾಕ್ಬೇಡ, ಸಾಕು.”

ಅಗಳಿ ಹಾಕದೆ ಇರುವುದೇ ಕಷ್ಟವಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಅವನೇ. ನೀರು ಹಿಡಿಯಲು ಹೋದರೆ ಅಲ್ಲೂ ಅವನೇ. ಗಂಡನಿಗೂ ಹೇಳುವಂತಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎಳೆಯುವ ರಭಸ ನೋಡಿ ಗಂಡ, “ಆ ಅಂಗಿ ನಿನಗೇನು ಮಾಡ್ತು ಪಾಪ?” ಎಂದ. ಆದರೆ ಆ ವಾರ ಅವಳು ಯಾವ ಕರವಸ್ತ್ರವನ್ನೂ ಬೆಳಕಿಗೆ ಹಿಡಿಯಲಿಲ್ಲ. ಮಡಿಸಿದಳು, ಇಟ್ಟಳು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹೆಂಗಸರ ಸಂಘ ಚರ್ಚಿನ ಪಕ್ಕದ ಹಾಲ್‌ನಲ್ಲಿ ಸೇರಿತು. ಬಲಿಪೀಠದ ಬಟ್ಟೆ ಒಗೆಯುತ್ತಿದ್ದಾಕೆಗೆ ಮಂಡಿನೋವು, ಇನ್ನು ಆಗುವುದಿಲ್ಲ ಎಂದಳು. ಯಾರಿಗೆ ಕೊಡುವುದೆಂಬ ಮಾತು ಬಂತು. ಒಬ್ಬಾಕೆ ಇಸ್ತ್ರಿಯಕ್ಕನ ಹೆಸರೆತ್ತಿದಳು.

“ಕೊಡಿ, ಕೊಡಿ,” ಎಂದಳು ಮದುಮಗಳ ತಾಯಿ. “ಬಲಿಪೀಠಕ್ಕೆ ಒಂದೆರಡು ಕರೀ ಬಟ್ಟೆನೂ ಇರಲಿ!”

ಅಂದು ಸಾಲಿನಲ್ಲಿದ್ದವರು ತುಟಿ ಕಚ್ಚಿಕೊಂಡರು. ಹಾಲಿನವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಸ್ತ್ರಿಯಕ್ಕ ಎದ್ದು ನಿಂತಳು. ಒಂದು ಮಾತು ಸಾಕಿತ್ತು, ನಾಲಿಗೆಯ ತುದಿಯಲ್ಲೇ ಇತ್ತು.

“ಗೌನು ಹಾಳಾದದ್ದು ನನ್ನ ಹಗ್ಗದ ಮೇಲೆ. ಅದಕ್ಕಿಂತ ಹೆಚ್ಚು ನಾನು ಹೇಳಲ್ಲ,” ಎಂದು ಎತ್ತಿದ ತಲೆ ಇಳಿಸದೆ ಕೂತಳು.

ಅಷ್ಟರಲ್ಲಿ ಬಾಗಿಲಲ್ಲಿ ಗುಡುಗಪ್ಪ ಕಾಣಿಸಿದ. ಒಗೆದ ಅಂಗಿ, ಕೈಯಲ್ಲಿ ಹಿಂಡಿ ಮುದ್ದೆಯಾದ ಟೋಪಿ. ಒಳಗಿನ ಮಾತು ಒಂದೂ ಅವನಿಗೆ ಕೇಳಿಸಿರಲಿಲ್ಲ.

“ಎಲ್ಲರೂ ಇದ್ದೀರಲ್ಲ? ಒಳ್ಳೇದಾಯ್ತು, ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ. ಆ ಗೌನಿನ ಮಸಿ ನನ್ನ ಕುಲುಮೇದು. ಕಂಡೂ ಹೆದರಿ ಸುಮ್ಮನಿದ್ದೆ. ಇವಳ ಕೈಯಲ್ಲಿ ತಪ್ಪಿಲ್ಲ. ಇಂಥ ಕೈ ಈ ಬೀದೀಲೇ ಇನ್ನೊಂದಿಲ್ಲ.” ಅವಳ ಕಡೆ ತಿರುಗಿದ. “ತಪ್ಪಾಯ್ತಮ್ಮ.”

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಿಸ್ಟರ್ ನೆಲ ನೋಡುತ್ತ ಕೂತಿದ್ದರು, ಮುಖ ಮಾತ್ರ ಅರಳಿತ್ತು. “ಬಟ್ಟೆ ಗಂಟು ನಾಳೆ ನಿನ್ನ ಮನೆಗೆ ಬರುತ್ತಮ್ಮ,” ಎಂದರು.

“ಅಬ್ಬಾ!” ಎಂದಳು ಮದುಮಗಳ ತಾಯಿ. “ಇಷ್ಟು ದಿನ ಬಚ್ಚಿಟ್ಟುಕೊಂಡು, ಈಗ ಬಂದ ದೊಡ್ಡ ಮನುಷ್ಯ!”

ವಾರವಿಡೀ ಮಸೆದಿಟ್ಟಿದ್ದ ಮಾತುಗಳು ಇಸ್ತ್ರಿಯಕ್ಕನ ಬಾಯಿಗೆ ಬಂದವು. ಆದರೆ ಅವು ಹೊರಟ ದಿಕ್ಕು ಅವಳಿಗೇ ಗೊತ್ತಿರಲಿಲ್ಲ.

“ಹೌದು ಕಣ್ರೀ, ದೊಡ್ಡ ಮನುಷ್ಯನೇ! ಇಷ್ಟು ಜನರ ಮುಂದೆ ನಿಂತು ‘ನಾನೇ ಮಾಡ್ದೆ’ ಅನ್ನೋಕೆ ಎದೆ ಬೇಕು. ಬೀದಿಗೆಲ್ಲ ನನ್ನ ಹೆಸರು ಸಾರಿದ ಬಾಯಿ ಯಾವುದು ಅಂತಾನೂ ಎಲ್ಲರಿಗೂ ಗೊತ್ತು. ಅದೂ ಎದ್ದು ನಿಲ್ಲಲಿ ನೋಡೋಣ. ನಮ್ಮ ಭಾವ ನಿಂತ್ರು!”

ಮದುಮಗಳ ತಾಯಿ ತನ್ನ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

“ಏನಂದೆಯಮ್ಮ?” ಗುಡುಗಪ್ಪ ಹೆದರುತ್ತ ಕೇಳಿದ. ಅವನಿಗೆ ಕಂಡದ್ದು ಅವಳ ಕೆಂಪೇರಿದ ಮುಖ ಮಾತ್ರ.

ಅವಳು ಹತ್ತಿರ ಹೋಗಿ ಅವನ ಕಿವಿಗೇ ಕೂಗಿದಳು: “ಮನೆಗೆ ನಡೀರಿ ಭಾವ, ಊಟಕ್ಕೆ ಕೂರೋಣ ಅಂದೆ!”

“ನಿಮ್ಮನೇಲಾ?”

“ಮತ್ತಿನ್ಯಾರ ಮನೇಲಿ?”