ಹೊಸ ಓಣಿಯ ಬಾವಿ

ಬೆಂಗೇರಿ ದಾಟಿ, ಹತ್ತಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಹತ್ತು-ಹನ್ನೆರಡು ಮನೆಗಳು ಎದ್ದಾಗ ಜನ ಅದನ್ನು ಹೊಸ ಓಣಿ ಎಂದರು. ಹುಬ್ಬಳ್ಳಿಯ ನಳದ ನೀರು ಅಲ್ಲಿಯವರೆಗೆ ಬಂದಿರಲಿಲ್ಲ. ೧೯೫೯ರ ಚಳಿಗಾಲದಲ್ಲಿ ಓಣಿಯವರೆಲ್ಲ ಸೇರಿ ನಡುವಿನ ಬಯಲಿನಲ್ಲಿ ಬಾವಿ ತೋಡಲು ನಿಂತರು.

ಕಡೆಯ ಮನೆ ಅರ್ಜುನಪ್ಪನದು. ಹಳ್ಳಿಯ ಹೊಲಗೇರಿಯಲ್ಲಿ ಹುಟ್ಟಿ, ಮೆಟ್ರಿಕ್ ಪಾಸಾಗಿ, ರೈಲ್ವೆಯಲ್ಲಿ ಕಾರಕೂನನಾಗಿದ್ದ. ಈಚೆಗೆ ಮನೆಯವರೊಂದಿಗೆ ಬೌದ್ಧನೂ ಆಗಿದ್ದ. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾವಿ ತೋಡುವಾಗ ಮಾತ್ರ ಯಾರಿಗೂ ಅದು ನೆನಪಾಗಲಿಲ್ಲ. ಅರ್ಜುನಪ್ಪ ರವಿವಾರವೆಲ್ಲ ಗುದ್ದಲಿ ಹಿಡಿದ. ಅವನ ಹೆಂಡತಿ ಸಾವಂತ್ರೆವ್ವ, ಪಕ್ಕದ ಮನೆಯ ರತ್ನವ್ವನ ಜೊತೆ ಮಣ್ಣಿನ ಬುಟ್ಟಿ ಹೊತ್ತಳು. ದಣಿವಾದಾಗ ಇಬ್ಬರೂ ಜಾಲಿಗಿಡದ ನೆರಳಲ್ಲಿ ಕೂತು ತವರಿನ ಸುದ್ದಿ ಮಾತಾಡಿದರು. ತಳದಲ್ಲಿ ಕಲ್ಲು ಸಿಕ್ಕು ಕೂಲಿಯವರು ಕೈಬಿಟ್ಟಾಗ, ತನ್ನ ಗೆಳೆಯರನ್ನು ಕರೆತಂದು ಅದನ್ನು ಒಡೆಸಿದವನೂ ಅರ್ಜುನಪ್ಪನೇ.

ನೀರು ಬಂತು. ಸವಳಲ್ಲ, ಸಿಹಿನೀರು. ಗಂಗಾಪೂಜೆಯಾದ ಸಂಜೆಯೇ ಗುರುಸಿದ್ದಯ್ಯ ಅರ್ಜುನಪ್ಪನ ಮನೆಗೆ ಬಂದರು. ಅವರು ಓಣಿಯ ಹಿರಿಯರು. ಸೋಮವಾರಕ್ಕೊಮ್ಮೆ ತಮ್ಮ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಶರಣರ ವಚನ ಓದುತ್ತಿದ್ದವರು. ಒಳಗೆ ಕರೆದರೂ ಬರದೆ ಅಂಗಳದಲ್ಲೇ ನಿಂತರು.

“ತಪ್ಪು ತಿಳ್ಕೋಬ್ಯಾಡ ಅರ್ಜುನಪ್ಪ. ನೀರು ನಿಮಗೂ ಐತಿ. ಆದ್ರ ನಿಮ್ಮ ಕೊಡ ಕಟ್ಟಿಯಿಂದ ತುಸು ದೂರ ಇಟ್ಟು ನಿಲ್ರಿ. ನಮ್ಮ ಆಳು ಬಸಣ್ಣ ಸೇದಿ ಹಾಕ್ತಾನ.”

“ನಾವ ಸೇದಿದ್ರ ಏನಾಕ್ಕೈತ್ರಿ?” ಎಂದ ಅರ್ಜುನಪ್ಪ.

“ನನಗೇನೂ ಇಲ್ಲಪಾ. ಮನ್ಯಾಗ ಹೆಣ್ಮಕ್ಕಳು ಒಪ್ಪಂಗಿಲ್ಲ.”

ಅರ್ಜುನಪ್ಪ ಅಂಗಳದ ಮಣ್ಣು ನೋಡುತ್ತ ನಿಂತ. ಬಾಗಿಲಲ್ಲಿ ನಿಂತಿದ್ದ ಸಾವಂತ್ರೆವ್ವ ಹೊರಗೆ ಬಂದಳು.

“ಕಾಕಾರ, ಮಣ್ಣಿನ ಬುಟ್ಟಿ ನನ್ನ ತಲಿಯಿಂದ ರತ್ನವ್ವನ ತಲಿಗೆ ಹೋಗುವಾಗ ನಿಮ್ಮ ಹೆಣ್ಮಕ್ಕಳು ಒಪ್ಪಿದ್ರಲ್ರಿ. ಆವಾಗ ನಡುವ ಬಸಣ್ಣನ್ನ ಯಾಕ ನಿಲ್ಲಿಸಲಿಲ್ರಿ?”

“ದೊಡ್ಡವರ ಮುಂದ ಹಿಂಗ ಮಾತಾಡಬಾರದವ್ವ” ಎಂದು ಗುರುಸಿದ್ದಯ್ಯ ಶಾಲು ಸರಿಪಡಿಸಿಕೊಂಡು ಹೊರಟುಹೋದರು.

ಅರ್ಜುನಪ್ಪನ ತಾಯಿ ಗುಡ್ಡವ್ವ ಸೊಸೆಯ ಕೈ ಹಿಡಿದು ಕೂರಿಸಿದಳು. “ಹೊಂದಿಕೊಂಡು ಹೋಗೂಣು. ಹಂಗ ನಿಲ್ಲೂದು ನನಗೇನು ಹೊಸಾದಲ್ಲ. ಇವ ಸಣ್ಣಾವಿದ್ದಾಗ ಮೈ ಕೆಂಡದಂಗ ಸುಡತಿತ್ತು. ಬಗಲಾಗ ಇವನ್ನ ಎತ್ಕೊಂಡು ಊರ ಬಾವಿ ಹತ್ರ ನಿಂತೆ. ಒಬ್ಬಾಕಿ ಬಂದ್ಲು, ತುಂಬಿಕೊಂಡು ಹೋದ್ಲು. ಇನ್ನೊಬ್ಬಾಕಿ ಬಂದ್ಲು. ಹಾಕ್ರೆವ್ವಾ ಅಂತ ಬೇಡಿಕೊಂಡೆ. ಬಿಸಿಲು ನೆತ್ತಿಗೆ ಬಂತು…”

ಸಮಾಧಾನ ಹೇಳಲು ತೆಗೆದ ಮಾತು ಅಲ್ಲಿಗೆ ನಿಂತಿತು. ಇಷ್ಟು ವರ್ಷ ಆ ದಿನವನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

“ಹಗ್ಗ ಎಲ್ಲೈತಿ?” ಎಂದಳು.

ಮರುದಿನ ಬೆಳಿಗ್ಗೆ ಅತ್ತೆ-ಸೊಸೆ ಬಾವಿಗೆ ಹೋದರು. ಓಣಿಯ ಹೆಂಗಸರು ಆಗಲೇ ಅಲ್ಲಿ ನೀರು ತುಂಬುತ್ತಿದ್ದರು. ಗುಡ್ಡವ್ವ ಕಟ್ಟೆ ಹತ್ತಿ ತಾನೇ ಕೊಡ ಇಳಿಬಿಟ್ಟಳು. ಗಡಗಡಿಯ ಮೇಲೆ ಹಗ್ಗ ಎಳೆದು ರೂಢಿಯಿಲ್ಲದ ಕೈ. ಕೊಡ ಗೋಡೆಗೆ ಬಡಿಯಿತು. ಸಾವಂತ್ರೆವ್ವ ನೆರವಿಗೆ ಹೋಗಲಿಲ್ಲ. ಕೊಡ ಮೇಲೆ ಬಂತು.

ಗುರುಸಿದ್ದಯ್ಯನವರ ಸೊಸೆ ಈರವ್ವ ತುಂಬಿಟ್ಟುಕೊಂಡಿದ್ದ ನೀರನ್ನು ನೆಲಕ್ಕೆ ಸುರಿದು ನಡೆದಳು. ಅವಳ ಹಿಂದೆ ಉಳಿದವರೂ. ರತ್ನವ್ವ ಕೊಡ ಸೊಂಟದಲ್ಲಿಟ್ಟುಕೊಂಡು ನಿಂತೇ ಇದ್ದಳು. ಸಾವಂತ್ರೆವ್ವನ ಮುಖ ನೋಡಿದಳು. ಆಮೇಲೆ ಕಣ್ಣು ತಪ್ಪಿಸಿ, ಅವಳೂ ಸುರಿದಳು. ಈರವ್ವ ಸುರಿದದ್ದಕ್ಕೆ ಸಾವಂತ್ರೆವ್ವನಿಗೆ ಸಿಟ್ಟಷ್ಟೇ ಬಂದಿತ್ತು. ರತ್ನವ್ವ ಸುರಿದದ್ದನ್ನು ನೋಡಲಾರದೆ ಮುಖ ತಿರುಗಿಸಿದಳು.

ಅಂದೇ ಯಾರೋ ಗಡಗಡಿ ಬಿಚ್ಚಿ ಒಯ್ದರು. ಅರ್ಜುನಪ್ಪ ಪೇಟೆಯಿಂದ ಹೊಸದನ್ನು ತಂದು, ಎಲ್ಲರೂ ನೋಡುತ್ತಿರುವಾಗಲೇ ಕಟ್ಟಿದ. ಹಿಂದಿನ ಸಂಜೆ ಬಾರದ ಮಾತು ಈಗ ಬಂತು.

“ಇದನ್ನ ಮುಟ್ಟಿದ್ರ ನಾ ನೆಟ್ಟಗ ಠಾಣೆಕ್ಕ ಹೋಗ್ತೇನಿ. ಇದಕ್ಕ ಕಾಯದೆ ಐತಿ. ಬರ್ರಿ ಯಾರು ಬರ್ತೀರಿ.”

ಯಾರೂ ಬರಲಿಲ್ಲ. ಆದರೆ ಬಾವಿಗೂ ಬರಲಿಲ್ಲ. ತಾವೇ ತೋಡಿದ ಸಿಹಿನೀರು ಬಿಟ್ಟು, ಬೆಂಗೇರಿಯ ಆಚೆ ಸವಳು ನೀರಿಗೆ ನಡೆಯತೊಡಗಿದರು. ನಡೆದವರು ಹೆಂಗಸರು. ಗಂಡಸರು ಕಟ್ಟೆಯ ಮೇಲೆ ಕೂತು ಮರ್ಯಾದೆಯ ಮಾತಾಡಿದರು. ಬಿಸಿಲು ಏರಿದಂತೆ ಎರೆನೆಲ ಬಿರಿದು ಹೆಂಗಸರ ಅಂಗಾಲು ಸೀಳಿದವು. ಇತ್ತ ತುಂಬಿದ ಬಾವಿಯಲ್ಲಿ ಒಂದೇ ಮನೆಯ ಕೊಡ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ರತ್ನವ್ವ ಬಂದು ಕಟ್ಟೆಯ ಕೆಳಗೆ ನಿಂತಳು.

“ಕಾಲು ಸೋತುವು ಸಾವಂತ್ರಿ” ಎಂದಳು. ಅಂದು ಸುರಿದ ನೀರಿನ ಮಾತು ಎತ್ತಲಿಲ್ಲ.

“ಬಾವಿ ನಿಮ್ಮದೂ ಐತಿ. ಸೇದ್ಕೊಳ್ರಿ.”

ಯಾವಾಗಲೂ ‘ನೀನು’ ಎನ್ನುತ್ತಿದ್ದವಳು ‘ರಿ’ ಎಂದದ್ದು ರತ್ನವ್ವನಿಗೆ ತಿಳಿಯಿತು. ಮುಖ ತಗ್ಗಿಸಿ ನೀರು ಸೇದಿಕೊಂಡು ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಮಳೆ ಬೀಳುವ ಹೊತ್ತಿಗೆ ಈರವ್ವನೂ ಬಂದಳು. ಏನೂ ನಡೆದೇ ಇಲ್ಲವೆಂಬಂತೆ ಎಲ್ಲರೂ ಹೊಲ-ಮನೆ ಮಾತಾಡುತ್ತ ನೀರು ತುಂಬಿದರು.

“ಮುಗೀತಲ್ಲ, ಇನ್ನ ಬಿಡು” ಎಂದ ಅರ್ಜುನಪ್ಪ.

“ನೀರಡಿಕಿ ಆತು, ಬಂದ್ರು. ನಾಚಿಗಿ ಆಗಿ ಬಂದಿದ್ರ ಬ್ಯಾರೆ ಮಾತಿತ್ತು” ಎಂದಳು ಸಾವಂತ್ರೆವ್ವ.

ಮುಂದೆ ಎಷ್ಟೋ ಸಲ ರತ್ನವ್ವ ಬೇಲಿಯ ಹತ್ತಿರ ಬಂದು ಅವಳನ್ನು ಮಾತಾಡಿಸಲು ನೋಡಿದಳು. ಸಾವಂತ್ರೆವ್ವ ಕೇಳಿದ್ದಕ್ಕೆ ಉತ್ತರ ಕೊಟ್ಟು ಒಳಗೆ ಹೋಗುತ್ತಿದ್ದಳು.