ನೆಲ್ಲಿನ ಮ್ಯಾಲ ಗಾಡಿ

ನಮ್ಮಕ್ಕನ ಮಗ ಮಾರೇಶ ನಮ್ಮೂರು ಕರೂರಾಗ ಬೈಕ್ ಹತ್ತಿದ್ರ ಗಾಳಿನೂ ಸರಿದು ದಾರಿ ಬಿಡತಿತ್ತು. ಅಂಥಾವನ ಹಿಂದ ಕುಂತು ನಾನು ಕುರುಗೋಡಿಗೆ ಅವಗ ಹೆಣ್ಣು ನೋಡಾಕ ಹೊಂಟೆ. ಮೊದಲು ನೋಡಿದ ಹೆಣ್ಣುಗೋಳೆಲ್ಲ ಇವನ್ನ ಒಲ್ಲೆ ಅಂದಿದ್ವು. ಇದೂ ತಪ್ಪಿದ್ರ ಇನ್ನ್ಯಾರೂ ಕೊಡಂಗಿಲ್ಲಂತ ನಮ್ಮಕ್ಕ ಊಟ ಬಿಟ್ಟು ಕುಂತಿದ್ಲು.

ಸಿರುಗುಪ್ಪ ದಾಟಿದ್ವಿ. ಸುಗ್ಗಿ ಟೈಮು. ಅರ್ಧ ರೋಡಿಗೆ ನೆಲ್ಲು ಒಣಗಾಕ ಹಾಕಿ, ಅಂಚಿಗೆ ಕಲ್ಲು ಇಟ್ಟಿದ್ರು. ಎಷ್ಟು ನೆಲ್ಲಂದ್ರ, ಅಷ್ಟೂ ಅನ್ನ ಮಾಡಿದ್ರ ತುಂಗಭದ್ರಿ ನೀರೆಲ್ಲ ಎಸರಿಗೇ ಸಾಲತಿರಲಿಲ್ಲ. ಉಳಿದ ಅರ್ಧ ರೋಡಿನಾಗ ಎದುರಿಗೆ ಲಾರಿ ಸಾಲು ಬರಾಕತ್ತಿತ್ತು.

"ಮಾವ, ನೆಲ್ಲಿನ ಮ್ಯಾಲ ಹಾಯಿಸಿಬಿಡತೀನಿ. ರಾಹುಕಾಲ ಹತ್ತೋದ್ರಾಗ ಮುಟ್ಟಬೇಕು."

"ಲೇ, ಅದು ನೆಲ್ಲಲ್ಲ, ಗೋಲಿಗುಂಡು. ಗಾಲಿ ಜಾರಿದ್ರ ಹೆಣ್ಣಿನ ಬದಲು ಡಾಕ್ಟರನ್ನ ನೋಡಬೇಕಾಕ್ಕತಿ. ಇಳಿ."

"ಇಳದು ನಿಂತ್ರ ಮಂದಿ ನಗತಾರ."

"ಬಿದ್ರ ಅಳತಾರೇನು?"

ಗೊಣಗಿಕೋಂತ ಇಳದು ಗಾಡಿ ಬದಿಗೆ ನಿಲ್ಲಿಸಿದ. ಲಾರಿ ಸಾಲು ಮುಗಿಯೋದ್ರಾಗ ನನ್ನ ಮೀಸಿ ಬೆಳ್ಳಗಾತು.

ಕುರುಗೋಡಿಗೆ ಹೋದ್ರ ರಾಹುಕಾಲ ಹತ್ತೇಬಿಟ್ಟಿತ್ತು. ಹೆಣ್ಣಿನಪ್ಪ ಉಜ್ಜಿನಪ್ಪ ಮಾರಿ ಗಂಟು ಹಾಕ್ಕೊಂಡು ಕುಂತಿದ್ದ.

"ಯಾಕ್ರಿ ಇಷ್ಟು ತಡ?"

ಮಾರೇಶ ತಲಿ ತಗ್ಗಿಸಿ, ನೆಲ್ಲು ಹಾಕಿದ್ದು, ಲಾರಿ ಬಂದಿದ್ದು, ನಾವು ಇಳದು ನಿಂತಿದ್ದು ಎಲ್ಲಾ ಹೇಳಿದ. ಚಾ ತಂದಿದ್ದ ಹುಡುಗಿ ಜ್ಯೋತಿಲಕ್ಷ್ಮಿ ಅಲ್ಲೇ ನಿಂತ್ಲು. ಅಕಿ ಬಳ್ಳಾರಿ ಆಸ್ಪತ್ರ್ಯಾಗ ನರ್ಸು.

"ಸುಗ್ಗಿ ಬಂತಂದ್ರ ನೆಲ್ಲಿನ ಮ್ಯಾಲ ಜಾರಿದಾರಿಗೆ ಪಟ್ಟಿ ಕಟ್ಟಿ ಕಟ್ಟಿ ನನ್ನ ಕೈ ಸೋತಾವ. ಇಳದು ನಿಂತಾರನ್ನ ಇವತ್ತ ನೋಡಿದೆ. ಇಳಿ ಅಂದಾರು ಯಾರ್ರಿ?"

ಮಾರೇಶ ನನ್ನ ನೋಡಿದ. ನಾನು ಮ್ಯಾಲ ಫ್ಯಾನು ನೋಡಿದೆ.

"ನಮ್ಮಾವ," ಅಂದ.

"ಹಂಗಾರ ನಿಮ್ಮಾವನ್ನ ಮಾಡ್ಕೊಳ್ಳಲೇನು?"

"ನಮ್ಮತ್ತಿ ಬಿಡಂಗಿಲ್ರಿ. ಆದ್ರ ಹೇಳಿದ ಮಾತು ನಾನೂ ಕೇಳತೀನ್ರಿ."

ಅಕಿ ನಕ್ಕು ತನ್ನ ಫೋನ್ ನಂಬರ್ ಹೇಳಿ, ಇವನ ನಂಬರೂ ತಗೊಂಡ್ಲು. "ಮನಿ ಮುಟ್ಟಿದ ಮ್ಯಾಲ ಫೋನ್ ಮಾಡ್ರಿ. ಸಾವಕಾಶ ಹೋಗ್ರಿ."

ಉಜ್ಜಿನಪ್ಪ ರಾಹುಕಾಲ ಮರತು ಒಳಗ ಹೋಗಿ ಸಕ್ಕರಿ ತಂದು ನಮ್ಮ ಬಾಯಾಗ ಹಾಕಿದ.

ಹೊಳ್ಳಿ ಬರಾಗ ಮಾರೇಶ ಎಷ್ಟು ಸಾವಕಾಶ ಹೊಡದನಂದ್ರ, ಗಬ್ಬದ ಎಮ್ಮಿ ಒಂದು ನಮ್ಮನ್ನ ಹಿಂದ ಹಾಕಿ, ತಿರುಗಿ ನೋಡಿ, ಪಾಪ ಅಂತ ನಿಂತ್ಕಂತು. ಅಷ್ಟ್ರಾಗ ಜ್ಯೋತಿಲಕ್ಷ್ಮಿ ಫೋನ್ ಬಂತು. ಗಾಡಿ ಬದಿಗೆ ನಿಲ್ಲಿಸಿ ಎತ್ತಿದ.

"ಇನ್ನಾ ಮನಿ ಮುಟ್ಟಿಲ್ಲೇನ್ರಿ?"

"ಇಲ್ರಿ," ಅಂದ ಮಾರೇಶ, "ಇನ್ನಾ ನಿಮ್ಮೂರಾಗ ಅದೀವಿ."