ಹತ್ತಕ್ಕೆ ಆರು

ಹೊಸಕೆರೆಹಳ್ಳಿಯ ಗಂಗಾಧರಯ್ಯನವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದೂ ಒಂದೇ, ಕಲ್ಲಿನಿಂದ ನಾರು ತೆಗೆಯುವುದೂ ಒಂದೇ ಎಂದು ಅವರ ತಮ್ಮ ಶಿವರಾಮ್ ಹೇಳುತ್ತಿದ್ದ. ಸುಳ್ಳಲ್ಲ. ಮಗಳು ಹೇಮಶ್ರೀ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾದಾಗ ಬೀದಿಯವರು ಕೇಳಿದ್ದಕ್ಕೆ, "ಪಾಸಾಗವ್ಳಂತೆ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಗೃಹಪ್ರವೇಶದ ದಿನ ಬಂದವರೆಲ್ಲ ಮನೆಯನ್ನು ಬಾಯಿ ತುಂಬ ಹೊಗಳುತ್ತಿದ್ದರೆ, ಯಜಮಾನರು ಮಾತ್ರ ಅಡುಗೆಮನೆ ಕಿರಿದಾಯಿತು, ಮೆಟ್ಟಿಲು ಸೊಟ್ಟಗಾಯಿತು ಎಂದು ಊಟದ ಪಂಕ್ತಿಯುದ್ದಕ್ಕೂ ಹೇಳಿಕೊಂಡು ಓಡಾಡಿದರು.

ಕಾರಣ ಒಂದೇ, ದೃಷ್ಟಿ. ಕಾರಿಗೆ ನಿಂಬೆಹಣ್ಣು, ಬಾಗಿಲಿಗೆ ಬೂದುಗುಂಬಳ, ಮಹಡಿಗೆ ನಾಲಗೆ ಚಾಚಿದ ರಾಕ್ಷಸನ ಮುಖ ಇದ್ದರೂ ಅವರಿಗೆ ಸಮಾಧಾನವಿರಲಿಲ್ಲ. ಹೇಮಶ್ರೀ ಚಿಕ್ಕವಳಿದ್ದಾಗ ಅಮಾವಾಸ್ಯೆಗೊಮ್ಮೆ ಹೆಂಡತಿ ಗೌರಮ್ಮ ಅವಳನ್ನು ಹಜಾರದಲ್ಲಿ ಕೂರಿಸಿ, ಉಪ್ಪು ಮತ್ತು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಬೇಕಿತ್ತು. ದೃಷ್ಟಿ ತಾಕಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ತಾಕದಿದ್ದರೆ ಮನೆ ಮಂದಿಯೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾಗಬೇಕು. ಪ್ರತಿ ಸಲವೂ ಘಾಟು ಹೊಡೆಯುತ್ತಿತ್ತು. "ನೋಡ್ದಾ? ನಾನು ಬಾಯಿ ಮುಚ್ಕೊಂಡಿರೋದಕ್ಕೆ ಮಗು ಚೆನ್ನಾಗೈತೆ" ಎಂದು ಗಂಗಾಧರಯ್ಯ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು. ಕಾಲೇಜಿಗೆ ಸೇರಿದ ಮೇಲೆ ಹೇಮಶ್ರೀ, "ಇದೆಲ್ಲ ಬೇಡಮ್ಮ" ಎಂದು ಎದ್ದು ಹೋದಳು. ಕೆಂಡ ಅಲ್ಲಿಗೆ ನಿಂತಿತು. ಅಪ್ಪನ ಮೌನ ನಿಲ್ಲಲಿಲ್ಲ.

ಈಗ ಹೇಮಶ್ರೀಗೆ ಇಪ್ಪತ್ತೇಳು. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಭಾನುವಾರ ಬಂತೆಂದರೆ ಅವಳಿಗೆ ಡಿಸ್ಕ್ ಗಾಲ್ಫ್. ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಬಿಲ್ಲೆಯನ್ನು ದೂರದಿಂದ ಎಸೆಯುತ್ತ ಹೋಗಿ, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಬೀಳಿಸಿದವರು ಗೆದ್ದರು. ಇಷ್ಟೇ ಆಟ. "ಬಿಲ್ಲೆ ಎಸ್ಯಕ್ಕೂ ಕ್ಲಬ್ಬು ಬೇಕಾ?" ಎಂದು ಶಿವರಾಮ್ ನಕ್ಕಿದ್ದ.

ಆದರೆ ಅಣ್ಣತಮ್ಮಂದಿರ ಪಾಲಿಗೆ ಉಳಿದಿದ್ದ ಕೊನೆಯ ಎರಡು ಎಕರೆ, ರಾಗಿ ಬೆಳೆಯುವುದು ನಿಂತ ಮೇಲೆ ಲಂಟಾನ ಹಬ್ಬಿಕೊಂಡು ಬಿದ್ದಿದ್ದ ಆ ಇಳಿಜಾರು, ಎರಡು ವರ್ಷದಲ್ಲಿ ಹೇಮಶ್ರೀಯ ಕೈಯಲ್ಲಿ ಒಂಬತ್ತು ಬುಟ್ಟಿಗಳ ಆಟದ ಕೋರ್ಸ್ ಆಗಿತ್ತು. ಲಂಟಾನ ಕಿತ್ತವಳು ಅವಳೇ. ಕುಮಾರಸ್ವಾಮಿ ಲೇಔಟಿನ ಗ್ರಿಲ್ ಅಂಗಡಿಯವನ ತಲೆ ತಿಂದು ಬುಟ್ಟಿ ಮಾಡಿಸಿದವಳೂ ಅವಳೇ. ಬಿಲ್ಡರ್ ಒಬ್ಬ ಆ ಜಾಗ ಕೇಳಿಕೊಂಡು ಮೂರು ಸಲ ಬಂದು ಕಾಫಿ ಕುಡಿದು ಹೋಗಿದ್ದ. ಶಿವರಾಮನಿಗೆ ಎರಡು ಹೆಣ್ಣುಮಕ್ಕಳ ಮದುವೆ ಮುಂದಿತ್ತು. ಅವನು ಕೆಟ್ಟವನೇನಲ್ಲ.

ಅಷ್ಟರಲ್ಲಿ ಕ್ಲಬ್ಬಿನವರು ನಗರದ ಈ ಭಾಗದಲ್ಲಿ ಒಂದು ಕೋರ್ಸನ್ನು ಮೂರು ವರ್ಷಕ್ಕೆ ಬಾಡಿಗೆ ಹಿಡಿಯುವುದೆಂದು ತೀರ್ಮಾನಿಸಿದರು. ಕಣದಲ್ಲಿ ಮೂರಿದ್ದವು: ಬೇಗೂರಿನದು, ಜೆ.ಪಿ. ನಗರದ್ದು, ಹೊಸಕೆರೆಹಳ್ಳಿಯದು.

"ಬಾಡಿಗೆ ಬಂದ್ರೆ ಮೂರು ವರ್ಷ ನಾನು ತುಟಿ ಪಿಟಕ್ ಅನ್ನಲ್ಲ ಅಣ್ಣ. ಬರ್ಲಿಲ್ಲ ಅಂದ್ರೆ ಬಿಲ್ಡರ್‌ಗೆ ಸೈನ್ ಹಾಕ್ಬಿಡಣ" ಎಂದ ಶಿವರಾಮ್.

"ಆಯ್ತು ಚಿಕ್ಕಪ್ಪ" ಎಂದು ಹೇಮಶ್ರೀ ಅಪ್ಪನಿಗಿಂತ ಮೊದಲೇ ಒಪ್ಪಿಕೊಂಡಳು. ಅಷ್ಟು ನಂಬಿಕೆ ಅವಳಿಗೆ.

ಕ್ಲಬ್ಬಿನ ಕಾರ್ಯದರ್ಶಿ ಚಿದಾನಂದನದು ಒಂದು ವಿಚಿತ್ರ ಪದ್ಧತಿ. ಆಡುವವರು ಅಂಕ ಹಾಕಿದರೆ ಜಗಳ ಆಗುತ್ತದೆ, ನೋಡುವವರ ಕಣ್ಣಿಗೂ ಜಾಗ ಹಿಡಿಸಬೇಕು ಎಂದು, ಪ್ರತಿ ಕೋರ್ಸಿನ ಕಡೆಯಿಂದ ಆಟವಾಡದ ಹಿರಿಯರೊಬ್ಬರನ್ನು ಕರೆದಿದ್ದ. ಮೂವರೂ ಮೂರು ಕೋರ್ಸನ್ನು ಸುತ್ತಿ, ಕೊನೆಗೆ ಎಲ್ಲರೆದುರು ಬಾಯಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಹೇಳಬೇಕು. ತಮ್ಮದಕ್ಕೂ ತಾವು ಹಾಕಬೇಕು. ಹೊಸಕೆರೆಹಳ್ಳಿಯ ಕಡೆಯಿಂದ ಗಂಗಾಧರಯ್ಯ ಹೊರಟರು. ಬೇಗೂರಿನಿಂದ ಮುನಿಯಣ್ಣ, ಜೆ.ಪಿ. ನಗರದಿಂದ ನಿವೃತ್ತ ಟೀಚರ್ ಸತ್ಯಭಾಮಾ.

ಆ ಭಾನುವಾರ ಬೆಳಗಾಗುತ್ತಲೇ ಬೇಗೂರು. ಕೆರೆಯ ದಂಡೆಯುದ್ದಕ್ಕೂ ಬಯಲು, ಬೀಸುವ ಗಾಳಿ. ನೋಡಲು ಚೆಂದ, ಆದರೆ ಚೆನ್ನಾಗಿ ಎಸೆದ ಬಿಲ್ಲೆಯೂ ಗಾಳಿಗೆ ತಿರುಗಿ ಜೊಂಡಿಗೆ ಬೀಳುತ್ತಿತ್ತು, ಒಬ್ಬ ಹುಡುಗಿ ಮೊಣಕಾಲವರೆಗೆ ಪ್ಯಾಂಟು ಮಡಚಿ ನೀರಿಗಿಳಿದಳು. "ನೀರು, ನೆರಳು, ನಾಗೇಶ್ವರ ಸ್ವಾಮಿ ಗುಡಿ ಎಲ್ಲ ಪಕ್ಕದಾಗೇ ಅವೆ. ಇನ್ನೇನ್ ಬೇಕು?" ಎಂದು ಮುನಿಯಣ್ಣ ಎದೆ ಉಬ್ಬಿಸಿದರು. ನೆರಳು ಗಂಗಾಧರಯ್ಯನವರಿಗೆ ಎಲ್ಲೂ ಕಾಣಲಿಲ್ಲ.

ಜೆ.ಪಿ. ನಗರದ ಕೋರ್ಸ್‌ನಲ್ಲಿ ನೆರಳಿಗೆ ಕೊರತೆಯಿರಲಿಲ್ಲ. ಆದರೆ ಮರಗಳು ಎಷ್ಟು ಒತ್ತಾಗಿದ್ದವೆಂದರೆ ಬಿಲ್ಲೆ ಕೈ ಬಿಟ್ಟ ಕೂಡಲೇ ಕಾಂಡಕ್ಕೆ ಬಡಿದು ಕಾಲ ಬುಡಕ್ಕೇ ವಾಪಸು ಬರುತ್ತಿತ್ತು. ವಾಕಿಂಗಿನ ಅಂಕಲ್ ಒಬ್ಬರು, "ತಲೆಗೆ ಹೊಡೆದ್ರೆ ಯಾರ್ರೀ ಜವಾಬ್ದಾರಿ?" ಎಂದು ಕೂಗಾಡಿ ಮತ್ತೊಂದು ಸುತ್ತು ನಡೆದು ಬಂದು ಮತ್ತೆ ಕೂಗಾಡಿದರು.

ಹತ್ತು ಗಂಟೆಗೆ ಹೊಸಕೆರೆಹಳ್ಳಿ. ಗಂಗಾಧರಯ್ಯ ಅಲ್ಲಿಯವರೆಗೂ ಮಗಳ ಕೋರ್ಸನ್ನು ಬೇಲಿಯಾಚೆಯಿಂದ ನೋಡಿದ್ದರೇ ಹೊರತು ಒಂದರಿಂದ ಒಂಬತ್ತರವರೆಗೆ ನಡೆದಿರಲಿಲ್ಲ. ಮೊದಲ ಬುಟ್ಟಿ ಹೊಂಗೆಮರದ ಪಕ್ಕ. ಎರಡನೆಯದು, ಜಾಲರಿ ಮುಚ್ಚಿದ ಹಳೆಯ ಬಾವಿಯನ್ನು ಸುತ್ತಿಕೊಂಡು ಹೋದರೆ ಮಾತ್ರ ಸಿಗುವಂತೆ. ನಾಲ್ಕನೆಯದರ ಹತ್ತಿರ ಬಂದಾಗ ಅವರ ಕಾಲು ತಾನಾಗಿ ನಿಧಾನವಾಯಿತು. ಅದು ಅವರ ಅವ್ವ ಹೊಲಕ್ಕೆ ಬುತ್ತಿ ಹೊತ್ತು ಬರುತ್ತಿದ್ದ ದಾರಿ. ಲಂಟಾನದಡಿ ಇಪ್ಪತ್ತು ವರ್ಷ ಹೂತುಹೋಗಿದ್ದ ಕಾಲುದಾರಿ ಹಾಗೇ ತೆರೆದುಕೊಂಡಿತ್ತು, ಅದರ ತುದಿಗೆ, ಅವ್ವ ಬುತ್ತಿ ಇಳಿಸುತ್ತಿದ್ದ ಹುಣಸೆಮರದ ಬುಡದಲ್ಲಿ, ಬುಟ್ಟಿ.

"ಈ ದಾರಿ ನಿಂಗೆ ಯಾರು ತೋರ್ಸಿದ್ರು?" ಎಂದರು.

"ಯಾರಿಲ್ಲ ಅಪ್ಪ. ಕಳೆ ಕೀಳ್ತಾ ಕೀಳ್ತಾ ಸಿಕ್ತು. ನೆಲ ಇಲ್ಲಿ ಗಟ್ಟಿಯಾಗಿತ್ತು. ಯಾರೋ ತುಂಬಾ ವರ್ಷ ಓಡಾಡಿರ್ಬೇಕು ಅನ್ನಿಸ್ತು, ಹಾಗೇ ಬಿಟ್ಟೆ. ಹೇಗಿದೆ, ಹೇಳಿ?"

ಗಂಗಾಧರಯ್ಯನವರಿಗೆ ಇಂಥ ಮಗಳು ಯಾರಿಗಿದ್ದಾಳೆ ಎಂದು ಅನ್ನಿಸಿತು. ಅನ್ನಿಸಿದ ಕೂಡಲೇ ಹೆದರಿಕೆಯಾಯಿತು. "ಬುಟ್ಟಿ ಸ್ವಲ್ಪ ವಾಲ್ಕಂಡಂಗೈತೆ" ಎಂದು ಮುಂದೆ ನಡೆದರು.

ಒಂಬತ್ತು ಮುಗಿಸಿ ಎಲ್ಲರೂ ಹುಣಸೆಮರದಡಿ ಕೂತರು. ಗೌರಮ್ಮ ಖಾರಾಬಾತು, ಕೇಸರಿಬಾತು ಮಾಡಿ ಕಳಿಸಿದ್ದರು. ಚಿದಾನಂದ್ ಹಾಳೆ ಹಿಡಿದು ನಿಂತ. ಮುನಿಯಣ್ಣ ಕೇಸರಿಬಾತು ನುಂಗಿ, "ಬೇಗೂರಿಗೆ ಹತ್ತು. ಹನ್ನೊಂದಿಲ್ವಲ್ಲ ಅಂತ ಬೇಜಾರು" ಎಂದರು. ಎಲ್ಲ ನಕ್ಕರು. ಜೆ.ಪಿ. ನಗರಕ್ಕೆ ಅವರದು ಆರು. ಹೊಸಕೆರೆಹಳ್ಳಿಗೆ ಒಂಬತ್ತು. ಸತ್ಯಭಾಮಾ ತಮ್ಮ ಜೆ.ಪಿ. ನಗರಕ್ಕೆ ನಾಚಿಕೆಯಿಲ್ಲದೆ ಹತ್ತು ಕೊಟ್ಟರು, ಬೇಗೂರಿಗೆ ಏಳು. "ಇದಕ್ಕೆ ಒಂಬತ್ತು. ನಮ್ಮದಾಗಿದ್ದರೆ ಹತ್ತೇ ಕೊಡ್ತಿದ್ದೆ. ಚೆನ್ನಾಗಿ ಮಾಡಿದ್ದೀಯಮ್ಮ" ಎಂದು ಹೇಮಶ್ರೀಯ ಬೆನ್ನು ತಟ್ಟಿದರು. ಚಿದಾನಂದ್ ಗಂಗಾಧರಯ್ಯನವರ ಕಡೆ ತಿರುಗಿದ.

ಅವರು ಎದ್ದು ನಿಂತು ಬೇಗೂರಿಗೆ ಎಂಟು, ಜೆ.ಪಿ. ನಗರಕ್ಕೆ ಏಳು ಎಂದರು. ಆಮೇಲೆ ಮಗಳ ಕಡೆ ನೋಡಿದರು.

ಹೇಮಶ್ರೀಗಿಂತ ಮೊದಲು ಅವರಿಗೊಬ್ಬ ಮಗ ಹುಟ್ಟಿದ್ದ. ಮೋಹಿತ್. ಗುಂಡುಗುಂಡಾದ ಕೂಸು. ಐದು ತಿಂಗಳ ಮಗುವನ್ನು ಹೆಗಲಿಗೇರಿಸಿಕೊಂಡು ಗಂಗಾಧರಯ್ಯ ಊರ ಮುಂದಿನ ಕಟ್ಟೆಯ ತನಕ ಹೋಗಿ, "ಇಂಥಾ ಮಗ ಇಡೀ ಹೋಬ್ಳೀಲಿ ಇದ್ರೆ ತೋರ್ಸ್ರೋ" ಎಂದು ಕೂಗಿ ಹೇಳಿದ್ದರು. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದ್ದರು. ಮೂರು ದಿನಕ್ಕೆ ಜ್ವರ ಬಂತು, ಐದನೆಯ ದಿನ ಮಗು ಇರಲಿಲ್ಲ. ಅದು ಏನು ಜ್ವರವೆಂದು ಡಾಕ್ಟರು ಒಂದು ಹೆಸರು ಹೇಳಿದ್ದರು. ಗಂಗಾಧರಯ್ಯನವರಿಗೆ ಗೊತ್ತಿದ್ದ ಹೆಸರು ಬೇರೆ. ತನ್ನ ಬಾಯಿಯೇ ಮಗುವನ್ನು ತಿಂದಿತು ಎಂದು ಅವರು ಅಂದು ನಂಬಿದರು, ಮತ್ತೆ ಆ ಬಾಯನ್ನು ಹಾಗೆ ತೆರೆಯಲಿಲ್ಲ.

ಈಗ ಹುಣಸೆಮರದಡಿ ಇಪ್ಪತ್ತು ಜನ ತಮ್ಮ ಮಗಳನ್ನೇ ನೋಡುತ್ತಿದ್ದರು. ಬಿಸಿಲಿಗೆ ಕೆಂಪಾದ ಅವಳ ಮುಖ ಲಕಲಕ ಹೊಳೆಯುತ್ತಿತ್ತು. ಇಬ್ಬರು ಒಂಬತ್ತು ಒಂಬತ್ತು ಕೊಟ್ಟಾಯಿತಲ್ಲ, ಹೊಗಳುವವರು ಹೊಗಳಿದರು, ದೃಷ್ಟಿಗೆ ತಾನು ಅಡ್ಡ ನಿಂತರೆ ಸಾಕು ಎಂದುಕೊಂಡರು. ಕೂಡಿ ಕಳೆಯುವ ಯೋಚನೆ ಅವರ ತಲೆಗೆ ಬರಲೇ ಇಲ್ಲ.

"ನಮ್ದಕ್ಕೆ ಆರು" ಎಂದು ಕೂತರು.

ಅವರ ಲೆಕ್ಕದಲ್ಲಿ ಆರು ಎಂದರೆ ಬಹಳ ಜಾಸ್ತಿ. ಆದರೆ ಚಿದಾನಂದನ ಪೆನ್ನಿಗೆ ಅದು ಗೊತ್ತಿರಬೇಕಲ್ಲ. ಜೆ.ಪಿ. ನಗರ ಇಪ್ಪತ್ಮೂರು, ಹೊಸಕೆರೆಹಳ್ಳಿ ಇಪ್ಪತ್ನಾಲ್ಕು, ಬೇಗೂರು ಇಪ್ಪತ್ತೈದು. ಮುನಿಯಣ್ಣ ಶಿಳ್ಳೆ ಹೊಡೆದರು. ಶಿವರಾಮ್ ಕೂಡ ಒಂದು ಕ್ಷಣ ಅಣ್ಣನ ಮುಖ ನೋಡಿ ತಲೆ ತಗ್ಗಿಸಿದ.

ಹೇಮಶ್ರೀ ಅಳಲಿಲ್ಲ. ಎಲ್ಲರ ಎಲೆ ಎತ್ತಿ, ನೀರಿನ ಕ್ಯಾನು ಖಾಲಿ ಮಾಡಿ, ಜನರೆಲ್ಲ ಹೋದ ಮೇಲೆ ಬಂದು ಅಪ್ಪನ ಮುಂದೆ ನಿಂತಳು.

"ಆರೇನಾ ಅಪ್ಪ?"

"ಆರು ಒಳ್ಳೆ ಮಾರ್ಕೇ ಕಣವ್ವ."

"ಆ ನೆರಳಿಲ್ದೇ ಇರೋ ಬೇಗೂರಿಗೆ ಎಂಟು. ನಂಗೆ ಆರು." ಅವಳ ದನಿ ಜೋರಾಗಿರಲಿಲ್ಲ. "ಎಸ್ಸೆಸ್ಸೆಲ್ಸಿಯಲ್ಲೂ ಹೋಗ್ಲಿ ಅಂದ್ಕೊಂಡೆ, ಕೆಲಸ ಸಿಕ್ಕಾಗ್ಲೂ ಹೋಗ್ಲಿ ಅಂದ್ಕೊಂಡೆ. ಇದೊಂದಕ್ಕೆ ನಿಮ್ಮ ಬಾಯಲ್ಲಿ ಕೇಳ್ಬೇಕು ಅಂತ ಆಸೆ ಇತ್ತು. ನಿಜವಾಗ್ಲೂ ಚೆನ್ನಾಗಿಲ್ವೇನೋ ಬಿಡಿ."

ಬಿಲ್ಲೆಗಳ ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದಳು. 

ಮಾರನೆಯ ದಿನ ಅವರು ಸ್ಕೂಟರ್ ಹತ್ತಿ ಬನಶಂಕರಿಯಲ್ಲಿದ್ದ ಚಿದಾನಂದನ ಆಟದ ಸಾಮಾನಿನ ಅಂಗಡಿಗೆ ಹೋದರು. ಅವನು ಶಟಲ್ ಬ್ಯಾಟಿಗೆ ದಾರ ಬಿಗಿಯುತ್ತ ಕೂತಿದ್ದ.

"ನಂದು ತಪ್ಪಾಯ್ತು ಕಣಪ್ಪ. ಆರಲ್ಲ ಅದು, ಹತ್ತು. ತಿದ್ಬಿಡು."

ಚಿದಾನಂದ್ ದಾರ ಬಿಟ್ಟು ಎದ್ದು ನಿಂತ. "ಅಂಕಲ್, ಎಲ್ಲರೆದುರು ನೀವೇ ಹೇಳಿದ್ರಿ. ನಿಮ್ಮ ಬಾಯಲ್ಲಿ ಎಂಟು ಬಂದಿದ್ರೂ ಸಾಕಿತ್ತು, ನಾನೇ ಕಾಯ್ತಿದ್ದೆ. ಈಗ ತಿದ್ದಿದ್ರೆ ಬೇಗೂರಿನವರು ಸುಮ್ನಿರ್ತಾರಾ? ನಿನ್ನೆ ಸಂಜೇನೇ ಅವರಿಗೆ ಮಾತು ಕೊಟ್ಟಾಗಿದೆ." ಅವನು ಅವರಿಗೆ ಕುರ್ಚಿ ಕೊಟ್ಟ, ಟೀ ತರಿಸಿದ. ಗಂಗಾಧರಯ್ಯ ಟೀ ಮುಟ್ಟದೆ ಬಂದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಹದಿನೈದು ದಿನಕ್ಕೆ ಬಿಲ್ಡರನ ಕಾಗದಕ್ಕೆ ಅಣ್ಣತಮ್ಮ ಇಬ್ಬರೂ ಸಹಿ ಹಾಕಿದರು. ಕೊಟ್ಟ ಮಾತಿಗೆ ತಪ್ಪುವ ಮನೆತನವಲ್ಲ ಅದು. ಹೇಮಶ್ರೀ ಮನೆಯಲ್ಲಿ ಮಾತು ಬಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಪ್ಪನ ತಟ್ಟೆಗೆ ಮುದ್ದೆ ಬಡಿಸುತ್ತಿದ್ದಳು. ಬಿಲ್ಲೆಗಳ ಚೀಲ ಮಾತ್ರ ಮಂಚದಡಿ ಸೇರಿತ್ತು. ಅದು ಗಂಗಾಧರಯ್ಯನವರಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಜೆಸಿಬಿ ಬರುವ ಬೆಳಿಗ್ಗೆ ಅಪ್ಪ ಮಗಳು ಬುಟ್ಟಿ ಕೀಳಲು ಹೋದರು. ಎಂಟು ಕಿತ್ತು ಬೇಲಿಗೆ ಒರಗಿಸಿದ್ದಾಯಿತು. ಹುಣಸೆಮರದ ಬುಡದಲ್ಲಿದ್ದ ನಾಲ್ಕನೆಯದು ಉಳಿಯಿತು. ಹೇಮಶ್ರೀ ಹಾರೆ ಎತ್ತಿದಾಗ ಗಂಗಾಧರಯ್ಯ ಅವಳ ಕೈ ಹಿಡಿದರು.

"ತಡಿಯವ್ವ. ನಾನೊಂದು ಮಾತು ಹೇಳ್ಬೇಕು."

ಮೋಹಿತನ ವಿಷಯ ಹೇಳಿದರು. ಅಣ್ಣನೊಬ್ಬ ಹುಟ್ಟಿ ತೀರಿಕೊಂಡಿದ್ದ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಕಟ್ಟೆ, ಕೂಗು, ಐದನೆಯ ದಿನ ಎಲ್ಲ ಹೇಳಿದರು. ತಮ್ಮವ್ವ ಬುತ್ತಿ ತರುತ್ತಿದ್ದ ದಾರಿ ಇದೇ ಎಂದೂ ಹೇಳಿದರು. ಹೇಳುವಾಗ ಬುಟ್ಟಿಯ ಸರಪಳಿಯನ್ನು ಒಂದೊಂದಾಗಿ ಮುಟ್ಟುತ್ತಿದ್ದರು, ಮಗಳ ಮುಖ ನೋಡಲಿಲ್ಲ.

"ನೀನು ಮಾಡಿದ್ದು ಹತ್ತಕ್ಕೆ ಹತ್ತು ಕಣವ್ವ. ಬೇಗೂರು ಇದರ ಕಾಲ್‌ಧೂಳಿಗೂ ಸಮ ಬರಲ್ಲ. ನಿನ್ನಂಥ ಮಗಳು ಇಡೀ ಬೆಂಗ್ಳೂರಲ್ಲಿ ಇಲ್ಲ." ಅವರ ದನಿ ಏರುತ್ತ ಹೋಯಿತು. ಗೇಟಿನ ಹತ್ತಿರ ಜೆಸಿಬಿಯ ಡ್ರೈವರು, ಬಿಲ್ಡರನ ಕಡೆಯವರು, ಶಿವರಾಮ್ ಎಲ್ಲ ತಿರುಗಿ ನೋಡಿದರು. "ಇಲ್ಲ! ಇದ್ರೆ ತೋರ್ಸ್ರೋ!"

ಹೇಮಶ್ರೀ ಹಾರೆ ಕೆಳಗಿಟ್ಟು ಅಪ್ಪನನ್ನು ತಬ್ಬಿಕೊಂಡು ಅತ್ತಳು. "ಆವತ್ತು ಇಷ್ಟು ಹೇಳಿದ್ರೆ ಆಗ್ತಿತ್ತಲ್ಲಪ್ಪ" ಎಂದಳು. ಅವರು ಹಾರೆ ಎತ್ತಿಕೊಂಡು ತಾವೇ ಬುಟ್ಟಿಯ ಬುಡಕ್ಕೆ ಹಾಕಿದರು.

ಮನೆಗೆ ಬರುವಷ್ಟರಲ್ಲಿ ಗಂಗಾಧರಯ್ಯನವರನ್ನು ಹಳೆಯ ಹೆದರಿಕೆ ಹಿಡಿದಿತ್ತು. ಆಡಿಬಿಟ್ಟಿದ್ದರು, ಅದೂ ಹತ್ತಾರು ಜನರೆದುರು, ಅದೇ ಮಾತು. ಬಾಗಿಲಲ್ಲೇ ನಿಂತು, "ಗೌರಾ, ಮೆಣಸಿನಕಾಯಿ ತಗೊಂಡ್ಬಾ, ಮಗೀಗೆ ಇಳಿ ತೆಗಿ" ಎಂದರು. ಹತ್ತು ವರ್ಷದ ಹಿಂದೆ ಎದ್ದು ಹೋಗಿದ್ದ ಮಗಳು ಅಪ್ಪನ ಮುಖ ನೋಡಿ, ಹಜಾರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಗೌರಮ್ಮ ಹಿಡಿ ತುಂಬ ಮೆಣಸಿನಕಾಯಿ, ಉಪ್ಪು ಹಿಡಿದು ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದರು. ಗಂಗಾಧರಯ್ಯ ಕಂಬ ಹಿಡಿದು ಉಸಿರು ಬಿಗಿಹಿಡಿದು ನಿಂತರು. ಮೆಣಸಿನಕಾಯಿ ಚಟಪಟ ಎಂದಿತು, ಹೊಗೆ ಎದ್ದಿತು.

ಘಾಟು ಹೊಡೆಯಿತು. ಹಿಂದೆಂದೂ ಹೊಡೆಯದಷ್ಟು ಜೋರಾಗಿ ಹೊಡೆಯಿತು. ಗೌರಮ್ಮ ಸೆರಗು ಮೂಗಿಗೆ ಒತ್ತಿಕೊಂಡರು, ಹೇಮಶ್ರೀ ಕೆಮ್ಮುತ್ತ ಬಗ್ಗಿದಳು. "ಏನೂ ತಾಕಿಲ್ಲ ಕಣ್ರೀ" ಎಂದರು ಗೌರಮ್ಮ ಕೆಮ್ಮಿನ ನಡುವೆ, "ಮಗಾ ಚೆನ್ನಾಗವ್ಳೆ. ಏನೂ ಆಗಿಲ್ಲ."

ಏನೂ ಆಗಿರಲಿಲ್ಲ. ಹೊಗಳಿದರೆ ಏನೂ ಆಗುತ್ತಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಯಾವತ್ತೂ ಆಗುತ್ತಿರಲಿಲ್ಲ. ಗಂಗಾಧರಯ್ಯ ಕಂಬದ ಬುಡದಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು. ಘಾಟಿಗೆ ಕಣ್ಣುರಿ ಬಂದಿದೆಯೆಂದುಕೊಂಡು ಗೌರಮ್ಮ ಒಂದು ಚೊಂಬು ನೀರು ತಂದುಕೊಟ್ಟರು. ಹೊರಗೆ ಜೆಸಿಬಿಯ ಸದ್ದು ಶುರುವಾಗಿತ್ತು.